ಮಾಡಿದ ಕೆಲಸ ಹೇಳುವಂತಿಲ್ಲ, ಹೊಸ ಕೆಲಸ ಹುಡುಕಬೇಕು

ದಾವಣಗೆರೆ ಸ್ಟೇಷನ್‌ಗೆ ನನ್ನ ಕಪ್ಪು ಟ್ರಂಕು ಇಳಿಸಿಕೊಳ್ಳಲು ತಮ್ಮ ಬಂದಿದ್ದ. ಆಟೋದಲ್ಲಿ ಕೂತ ಕೂಡಲೇ ಕೇಳಿದ. "ಅಣ್ಣ, ಈಗ ರಿಟೈರ್ ಆದ್ಯಲ್ಲ, ಇನ್ನಾದ್ರೂ ಹೇಳು. ಅಲ್ಲಿ ಏನ್ ಕೆಲಸ ಮಾಡ್ತಿದ್ದೆ?"

"ಆಫೀಸ್ ಕೆಲಸ" ಅಂದೆ. 15 ವರ್ಷದಿಂದ ಮನೆಯಲ್ಲಿ ಇದೇ ಉತ್ತರ. ಅಪ್ಪನಿಗೂ ಇದೇ, ಹೆಂಡತಿಗೂ ಇದೇ.

ಅದು 2022ರ ಆಗಸ್ಟ್ ಮೊದಲ ವಾರ. 1998ರಲ್ಲಿ ಸೇನೆ ಸೇರಿದ್ದೆ, 24 ವರ್ಷ ಮುಗಿಸಿ ಹವಾಲ್ದಾರ್ ಆಗಿ ಹೊರಬಂದಿದ್ದೆ. ಮೊದಲ ಕೆಲವು ವರ್ಷ ಬೇರೆ ಘಟಕ, ಆಮೇಲೆ ಆಯ್ಕೆಯಾಗಿ ಪುಣೆಯಲ್ಲಿ ತರಬೇತಿ, ಅಲ್ಲಿಂದ ಕೊನೆಯ ತನಕ ಇಂಟೆಲಿಜೆನ್ಸ್ ಕೋರ್, ಅಂದರೆ ಸೇನೆಯ ಗುಪ್ತಚರ ವಿಭಾಗ. ಇಷ್ಟು ಹೇಳಬಹುದು. ಎಲ್ಲಿದ್ದೆ, ಯಾರ ಜೊತೆ ಮಾತಾಡುತ್ತಿದ್ದೆ, ಏನು ನೋಡುತ್ತಿದ್ದೆ ಅನ್ನುವುದು ಇದರಲ್ಲಿ ಒಂದಕ್ಷರವೂ ಬರುವುದಿಲ್ಲ. ಆ ಮಾತು ಹೇಳದೆಯೇ ನಾನು ಊರಲ್ಲಿ ಒಂದು ಕೆಲಸ ಹೇಗೆ ಹುಡುಕಿಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ. ನನಗೆ ಬೇಕಾದಾಗ ಕನ್ನಡದಲ್ಲಿ ಇಂಥದ್ದು ಓದಲು ಸಿಗಲಿಲ್ಲ.

ಮೊದಲು ಕಾಗದಪತ್ರದ ವಿಷಯ. ಬೇಜಾರಿನ ವಿಷಯ ಅನ್ನಿಸಬಹುದು, ಆದರೆ ನನ್ನ ಮೂರು ತಿಂಗಳು ಇದರಲ್ಲೇ ಹೋಯಿತು.

ನಮ್ಮ ಊರು ಜಗಳೂರು ತಾಲ್ಲೂಕು. ನಾನು ಶಾಲೆ ಓದುವಾಗ ಅದು ಚಿತ್ರದುರ್ಗ ಜಿಲ್ಲೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು, ಜಗಳೂರು ಇತ್ತ ಬಂತು. ಮರುವರ್ಷ ನಾನು ಸೇನೆ ಸೇರಿದಾಗ ಶಾಲೆಯ ಟಿ.ಸಿ.ಯಲ್ಲಿ ಇದ್ದದ್ದನ್ನು ನೋಡಿ ಬರೆದುಕೊಂಡರು: ಜಿಲ್ಲೆ ಚಿತ್ರದುರ್ಗ. ಅದು ಹಾಗೇ 24 ವರ್ಷ ಉಳಿಯಿತು. ಆಧಾರ್‌ನಲ್ಲಿ ದಾವಣಗೆರೆ. ಇನ್ನು ಹೆಸರು. ನಮ್ಮ ಕಡೆ ಇನಿಶಿಯಲ್ ಅಂದರೆ ಒಂದು ಊರಿಗೆ, ಒಂದು ಅಪ್ಪನ ಹೆಸರಿಗೆ. ಸೇನೆಯಲ್ಲಿ ಅದನ್ನು ಬಿಡಿಸಿ ಉದ್ದಕ್ಕೆ ಬರೆದಿದ್ದಾರೆ, ಆಧಾರ್‌ನಲ್ಲಿ ಅಕ್ಷರ ಮಾತ್ರ ಇದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಕ್ಷರ ಕೊನೆಗೆ ಹೋಗಿದೆ. ಹೆಂಡತಿಯ ಹೆಸರಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಇವೆಲ್ಲ ಸರ್ವಿಸ್‌ನಲ್ಲಿದ್ದಾಗ ಸಣ್ಣ ವಿಷಯ. ಯೂನಿಟ್‌ನ ಗುಮಾಸ್ತರಿಗೆ ಅರ್ಜಿ ಕೊಟ್ಟರೆ ಪಾರ್ಟ್ ಟು ಆರ್ಡರ್ (ದಾಖಲೆ ಬದಲಿಸುವ ಆದೇಶ) ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳಿಸುತ್ತಾರೆ. ಹೊರಗೆ ಬಂದ ಮೇಲೆ ಪ್ರತಿಯೊಂದಕ್ಕೂ ಅಫಿಡವಿಟ್, ತಹಶೀಲ್ದಾರ್ ಕಚೇರಿಯ ವಾಸಸ್ಥಳ ಪತ್ರ, ಅಂಚೆಯಲ್ಲಿ ಕಳಿಸಿ ಉತ್ತರಕ್ಕೆ ಕಾಯುವುದು. ಅಷ್ಟರವರೆಗೆ ಮಾಜಿ ಸೈನಿಕರ ಗುರುತಿನ ಚೀಟಿಯೂ ನಿಲ್ಲುತ್ತದೆ, ಅದಿಲ್ಲದೆ ಮೀಸಲಾತಿಯ ಹುದ್ದೆಗೆ ಅರ್ಜಿ ಹಾಕಿದರೆ ಮುಂದೆ ದಾಖಲೆ ತೋರಿಸುವಾಗ ಸಿಕ್ಕಿಬೀಳುತ್ತೇವೆ. ಕೊನೆಯ ವರ್ಷದಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತು ರಾತ್ರಿಯೇ ಆಧಾರ್, ಪ್ಯಾನ್, ಪಾಸ್‌ಬುಕ್, ಮಕ್ಕಳ ಜನನ ಪತ್ರ ಎಲ್ಲ ಪಕ್ಕಪಕ್ಕ ಇಟ್ಟು ಸರ್ವಿಸ್ ದಾಖಲೆ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಗ್ರ್ಯಾಚುಯಿಟಿ, ಗ್ರೂಪ್ ಇನ್ಶೂರೆನ್ಸ್, 300 ದಿನದವರೆಗಿನ ರಜೆಯ ನಗದು, ಕಮ್ಯುಟೇಷನ್, ಎಲ್ಲ ಹತ್ತಿರ ಹತ್ತಿರದಲ್ಲೇ ಬರುತ್ತದೆ. ಕಮ್ಯುಟೇಷನ್ ಅಂದರೆ ಪಿಂಚಣಿಯ ಒಂದು ಭಾಗವನ್ನು ಮುಂಚೆಯೇ ಒಟ್ಟಿಗೆ ತೆಗೆದುಕೊಳ್ಳುವುದು, ನಮಗೆ ಅರ್ಧದವರೆಗೂ ಅವಕಾಶ ಇದೆ, ಆ ಭಾಗ ಮತ್ತೆ ಸೇರುವುದು 15 ವರ್ಷದ ಮೇಲೆ. ಹಾಗಾಗಿ ಕೈಗೆ ಬಂದದ್ದು ಜಾಸ್ತಿ ಕಾಣುತ್ತದೆ, ತಿಂಗಳಿಗೆ ಬರುವುದು ಕಡಿಮೆ ಇರುತ್ತದೆ. ಸೈಟು ತೋರಿಸಲು ಬಂದವರಿಗೆಲ್ಲ ಆರು ತಿಂಗಳು ಬಿಟ್ಟು ಬನ್ನಿ ಅಂದೆ. ಅದು ಸರಿಯಾಯಿತು.

ಕೆಲಸ ಬೇಕಿತ್ತು. 43 ವರ್ಷ, ಮಗಳು ಎಂಟನೇ ಕ್ಲಾಸು, ಸುಮ್ನೆ ಮನೆಯಲ್ಲಿ ಕೂರುವ ವಯಸ್ಸಲ್ಲ.

ನಮ್ಮ ಊರಲ್ಲಿ ಮಿಲ್ಟ್ರಿಯಿಂದ ಬಂದವನಿಗೆ ಜನ ಮೊದಲು ಹೇಳುವ ಕೆಲಸ ಸೆಕ್ಯುರಿಟಿ. ಆಸ್ಪತ್ರೆ, ಕಾಲೇಜು, ಎ.ಟಿ.ಎಂ, ಮಾಲ್. ಆ ಕೆಲಸದಲ್ಲಿ ನನ್ನ ಜೊತೆಯವರು ಎಷ್ಟೋ ಜನ ಇದ್ದಾರೆ, ಗೌರವದ ಕೆಲಸ, ಅದರ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಆದರೆ ನಾನು 15 ವರ್ಷ ಕಲಿತದ್ದು ಬೇರೆ. ಓದುವುದು, ಕೇಳುವುದು, ಹೋಲಿಸುವುದು, ಒಂದು ಪುಟದಲ್ಲಿ ಬರೆಯುವುದು. ಗೇಟಿನಲ್ಲಿ ನಿಂತರೆ ಅದೆಲ್ಲ ತುಕ್ಕು ಹಿಡಿಯುತ್ತದೆ ಅನ್ನಿಸಿತು.

ಇನ್ನೊಂದು ದಾರಿ ಬ್ಯಾಂಕ್ ಗುಮಾಸ್ತ ಪರೀಕ್ಷೆ. ಸರ್ಕಾರಿ ಬ್ಯಾಂಕಿನ ಗುಮಾಸ್ತ ಹುದ್ದೆಗಳಲ್ಲಿ ನಮ್ಮವರಿಗೆ ಶೇ 14.5 ಮೀಸಲಿದೆ, ಸೇವೆಯಲ್ಲಿ ಅಂಗವಿಕಲರಾದವರು ಮತ್ತು ಹುತಾತ್ಮರ ಮನೆಯವರ ಶೇ 4.5 ಕೂಡ ಇದರಲ್ಲೇ ಬರುತ್ತದೆ. ಡಿಗ್ರಿ ಇಲ್ಲದಿದ್ದರೂ ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ್ದರೆ ಅರ್ಜಿ ಹಾಕಬಹುದು. ವಯಸ್ಸಿನಲ್ಲೂ ಸೇವೆಯ ವರ್ಷದ ಜೊತೆ ಇನ್ನೂ 3 ವರ್ಷ ಸಡಿಲ, 50ರ ಒಳಗಿದ್ದರೆ ಸಾಕು. ಇದು ನಿಜಕ್ಕೂ ಒಳ್ಳೆಯ ದಾರಿ, ಹಲವರು ಹೀಗೇ ಹೋಗಿದ್ದಾರೆ. ನಾನೂ ಬರೆದೆ. ಲೆಕ್ಕದ ವೇಗಕ್ಕೆ ಕೈ ಓಡಲಿಲ್ಲ, ಪ್ರಿಲಿಮ್ಸ್ ದಾಟಲಿಲ್ಲ. ಅದಕ್ಕಿಂತ ನನಗೆ ನೋವಾದದ್ದು ಇನ್ನೊಂದು. ಸ್ಥಳೀಯ ಭಾಷೆ ಬರಬೇಕು ಅನ್ನುವ ನಿಯಮ ಇದೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ನೋಡಿದೆ. ಹಿಂದಿಯಲ್ಲೇ ಯೋಚಿಸಿ, ಹಿಂದಿಯಲ್ಲೇ ಬರೆದು ಬರೆದು, ಕನ್ನಡದಲ್ಲಿ ಒತ್ತಕ್ಷರ ಎಲ್ಲಿ ಕೂರಿಸಬೇಕು ಅಂತ ಕೈ ನಿಲ್ಲುತ್ತಿತ್ತು. ಆ ದಿನದಿಂದ ಮಗಳ ಕನ್ನಡ ಪಾಠದ ಪುಸ್ತಕ ನೋಡಿ ದಿನಕ್ಕೊಂದು ಪುಟ ಬರೆಯಲು ಶುರು ಮಾಡಿದೆ. ಈಗ ಇದನ್ನು ಬರೆಯುತ್ತಿರುವುದು ಆ ಅಭ್ಯಾಸದ ಫಲ.

ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿತ್ತು. 1933ರ ಮೇಲೆ ಮೊದಲ ಸಲ. ಇಡೀ ಜಿಲ್ಲೆಯ ಜನ ಅಲ್ಲಿ ಸೇರಿದ್ದರು, ನಾವೂ ಹೋದೆವು. ಬರುವಾಗ ಮಗಳು ಚಿತ್ರದುರ್ಗದ ಕೋಟೆ ನೋಡಬೇಕು ಅಂದಳು. ಓಬವ್ವನ ಕಿಂಡಿಯ ಹತ್ತಿರ ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು. ಅಲ್ಲೇ ಬಂಡೆಯ ಮೇಲೆ ಕೂತು ಕೇಳಿದಳು, "ಅಪ್ಪಾ, ಸ್ಕೂಲಲ್ಲಿ ಎಲ್ರೂ ಕೇಳ್ತಾರೆ. ನಿಮ್ಮಪ್ಪ ಟ್ಯಾಂಕ್ ಓಡಿಸ್ತಿದ್ರಾ, ಗನ್ ಇತ್ತಾ ಅಂತ. ಏನ್ ಹೇಳ್ಲಿ?"

ತಮ್ಮನಿಗೆ ಹೇಳಿದ ಉತ್ತರ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಗೊತ್ತಿದ್ದ ಕಥೆಯನ್ನೇ ತೆಗೆದೆ. ಹೈದರನ ಕಡೆಯವರಿಗೆ ಈ ಕಿಂಡಿ ಹೇಗೆ ಗೊತ್ತಾಯಿತು ಹೇಳು ಅಂದೆ. ಮೊಸರು ಮಾರುವ ಹೆಂಗಸು ಇಲ್ಲಿಂದ ಓಡಾಡುವುದನ್ನು ನೋಡಿದರು ಅಂದಳು. ಓಬವ್ವನಿಗೆ ಹೇಗೆ ಗೊತ್ತಾಯಿತು ಅಂದೆ. ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಅಂತ ಇತ್ತ ಬಂದಳು, ಪಿಸುಮಾತು ಕೇಳಿಸಿತು ಅಂದಳು. "ಒನಕೆ ಎತ್ತಿದ್ದು ಆಮೇಲೆ. ಅದಕ್ಕೆ ಮುಂಚೆ ಕಿವಿಗೊಟ್ಟು ಕೇಳಿದ್ಳಲ್ಲ, ಆ ಕೆಲಸ ನಂದು" ಅಂದೆ. ಅವಳು ಸ್ವಲ್ಪ ಹೊತ್ತು ಕಿಂಡಿಯನ್ನೇ ನೋಡಿದಳು. "ಅಷ್ಟು ಸಾಕು, ಹೇಳ್ತೀನಿ" ಅಂದಳು.

ಆ ಸಂಜೆ ನನಗೆ ಒಂದು ಎಳೆ ಸಿಕ್ಕಿತ್ತು, ಆದರೆ ಅದನ್ನು ಕೆಲಸ ಕೊಡುವವರ ಮುಂದೆ ಹೇಗೆ ಇಡಬೇಕು ಅಂತ ಗೊತ್ತಾಗಲಿಲ್ಲ.

ನನ್ನ ಮೊದಲ ಬಯೋಡೇಟಾ ಅರ್ಧ ಪುಟ ಇತ್ತು. ಹೆಸರು, ರ‍್ಯಾಂಕು, 24 ವರ್ಷ, ಶಿಸ್ತು, ಪ್ರಾಮಾಣಿಕತೆ. ಮುಗಿಯಿತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂದರ್ಶನಕ್ಕೆ ಕರೆದರು. ಎದುರು ಕೂತಿದ್ದ ಹುಡುಗಿ ಒಳ್ಳೆಯವಳೇ, ಕುತೂಹಲದಿಂದ "ಸರ್, ನೀವು ಸ್ಪೈ ಆಗಿದ್ರಾ? ಒಂದು ಘಟನೆ ಹೇಳಿ" ಅಂದಳು. ಹೇಳುವಂತಿಲ್ಲ ಮೇಡಂ ಅಂದೆ. ಕೊನೆಗೆ ಯಾವ ಸಾಫ್ಟ್‌ವೇರ್ ಬರುತ್ತೆ ಅಂದಳು. ಅದನ್ನೂ ಹೇಳುವಂತಿಲ್ಲ ಅಂದೆ. ಹತ್ತು ನಿಮಿಷಕ್ಕೆ ಮುಗಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ತುಮಕೂರು ದಾಟುವ ತನಕ ಅದೇ ಯೋಚನೆ. ಅವಳ ತಪ್ಪು ಏನೂ ಇಲ್ಲ. 24 ವರ್ಷ ಮುಚ್ಚಿಟ್ಟ ಡಬ್ಬಿಯನ್ನು ತೋರಿಸಿ ಬೆಲೆ ಕಟ್ಟಿ ಅಂದರೆ ಯಾರು ತಾನೇ ಕಟ್ಟುತ್ತಾರೆ?

ಅದೇ ಸಮಯದಲ್ಲಿ ಇನ್ನೊಂದು ನಡೆಯಿತು. ಉದ್ಯೋಗ ಹುಡುಕುವ ಜಾಲತಾಣದಲ್ಲಿ ನಾನು ಸೇನೆಯಲ್ಲಿ ಮಾಡಿದ ಕೆಲಸದ ವಿಭಾಗದ ಹೆಸರನ್ನು ಹಾಕಿಬಿಟ್ಟಿದ್ದೆ. ವಾರದಲ್ಲೇ ಒಬ್ಬ ಮಹಿಳೆಯ ಹೆಸರಿನಿಂದ ಸಂದೇಶ ಬಂತು. ವಿದೇಶದ ಸಂಶೋಧನಾ ಸಂಸ್ಥೆಯವಳಂತೆ. ಗಡಿಭಾಗದ ರಸ್ತೆಗಳ ಬಗ್ಗೆ ಎರಡು ಪುಟದ ಲೇಖನ ಬರೆದುಕೊಟ್ಟರೆ ಒಳ್ಳೆಯ ದುಡ್ಡು, ಮನೆಯಿಂದಲೇ ಮಾಡಬಹುದು. ಓದಿದ ಕೂಡಲೇ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು. ಇದು ಹೇಗೆ ಶುರುವಾಗುತ್ತದೆ ಅಂತ ನಮಗೆ ಪಾಠ ಮಾಡಿರುತ್ತಾರೆ. ಮೊದಲು ಪೇಪರಿನಲ್ಲಿ ಬಂದ ವಿಷಯ ಕೇಳುತ್ತಾರೆ, ದುಡ್ಡು ಸರಿಯಾಗಿ ಕೊಡುತ್ತಾರೆ, ಆಮೇಲೆ ನಿಧಾನಕ್ಕೆ ಒಳಗಿನದು ಕೇಳುತ್ತಾರೆ, ಅಷ್ಟರಲ್ಲಿ ನಾವು ದುಡ್ಡು ತೆಗೆದುಕೊಂಡ ಗುರುತು ಅವರ ಹತ್ತಿರ ಇರುತ್ತದೆ. ಉತ್ತರ ಕೊಡಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಹಳೆಯ ಯೂನಿಟ್‌ಗೆ ತಿಳಿಸಿದೆ, ಖಾತೆಯಿಂದ ವಿಭಾಗದ ಹೆಸರು ತೆಗೆದುಹಾಕಿದೆ.

ಕೆಲಸವಿಲ್ಲದೆ ಕೂತಾಗ ಇಂಥ ಸಂದೇಶ ಬಂದರೆ ಎಷ್ಟು ಸಿಹಿಯಾಗಿ ಕಾಣುತ್ತದೆ ಅಂತ ನನಗೆ ಈಗ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ದಿನಕ್ಕೆ ಮುಗಿಯುವುದಿಲ್ಲ, ಹುದ್ದೆಯಲ್ಲಿದ್ದವರಿಗೆ, ಹಿಂದೆ ಇದ್ದವರಿಗೆ, ಇಬ್ಬರಿಗೂ ಅದು ಅನ್ವಯಿಸುತ್ತದೆ. ರಹಸ್ಯ ಮಾಹಿತಿ ಹೊರಗೆ ಬಿಟ್ಟರೆ 3 ವರ್ಷದವರೆಗೆ, ರಕ್ಷಣೆಗೆ ಸಂಬಂಧಿಸಿದ ಬೇಹುಗಾರಿಕೆ ಅಂತ ಸಾಬೀತಾದರೆ 14 ವರ್ಷದವರೆಗೆ ಜೈಲು. ಕಾನೂನು ಬಿಡಿ, ಅಲ್ಲಿ ಇನ್ನೂ ನಮ್ಮ ಹುಡುಗರು ನಿಂತಿದ್ದಾರೆ ಅಲ್ವಾ.

ಊರಲ್ಲೂ ಕೆಲಸ ಹೇಳಿಕೊಂಡು ಬಂದವರು ಇದ್ದರು. ಒಬ್ಬರು ಫೈನಾನ್ಸ್‌ನವರು, ಸಾಲ ಕಟ್ಟದೆ ಊರು ಬಿಟ್ಟವರನ್ನು ಹುಡುಕಿಕೊಡಿ ಅಂದರು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಯವರು ಸಾಲಗಾರರಿಗೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಆ ವರ್ಷವೇ ಸುತ್ತೋಲೆ ಹೊರಡಿಸಿತ್ತು. ಅವರ ಹುಡುಗರು ರಾತ್ರಿ ಹತ್ತಕ್ಕೆ ಮನೆ ಮುಂದೆ ನಿಲ್ಲುತ್ತಿದ್ದರು. ಆಗಲ್ಲ ಸಾವ್ಕಾರ್ರೇ ಅಂದೆ. ಇನ್ನೊಬ್ಬರು ದೂರದ ಸಂಬಂಧಿಯೇ, ಮಗಳಿಗೆ ನೋಡಿದ ಗಂಡಿನ ಫೋನ್ ಕರೆಗಳ ಪಟ್ಟಿ ತೆಗೆಸಿಕೊಡು ಅಂದರು. "ಮಾವ, ಅದು ಅಪರಾಧ. ನಾನು ಹುಡುಗನ ಊರಿಗೆ ಹೋಗಿ ನಾಲ್ಕು ಜನರನ್ನ ಮಾತಾಡಿಸಿ ಬರ್ತೀನಿ, ಹುಡುಗನಿಗೂ ತಿಳಿಸೇ ಹೋಗ್ತೀನಿ. ಅಷ್ಟಾದರೆ ಮಾಡ್ತೀನಿ" ಅಂದೆ. ಅವರಿಗೆ ಅದು ಬೇಕಿರಲಿಲ್ಲ. ಖಾಸಗಿ ಪತ್ತೇದಾರರಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನು ಇಲ್ಲ, 2007ರಲ್ಲಿ ಒಂದು ಮಸೂದೆ ಬಂದಿತ್ತು, ಕಾನೂನಾಗಲಿಲ್ಲ. ಹಾಗಾಗಿ ಯಾವುದು ಮಾಡಬಹುದು ಯಾವುದು ಮಾಡಬಾರದು ಅನ್ನುವ ಗೆರೆಯನ್ನು ನಾವೇ ಗಟ್ಟಿಯಾಗಿ ಹಾಕಿಕೊಳ್ಳಬೇಕಾಗುತ್ತದೆ.

ದಾರಿ ತೋರಿಸಿದ್ದು ಕುಂದವಾಡ ಕೆರೆ. ದಿನಾ ಬೆಳಿಗ್ಗೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದೆ. ಅಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಪರಿಚಯವಾದರು. ಎರಡು ತಿಂಗಳು ಬರೀ ಮಳೆ, ಮೆಕ್ಕೆಜೋಳದ ರೇಟು, ಮಕ್ಕಳ ಓದು ಇಷ್ಟೇ ಮಾತು. ಒಂದು ದಿನ ನನ್ನ ಕಥೆ ಹೇಳಿದೆ. ಅವರು ನಿಂತುಬಿಟ್ಟರು. "ಏನು ಮಾಡಿದ್ರಿ ಅಂತ ಹೇಳೋದು ಬೇಡ್ರಿ. ಹೆಂಗೆ ಮಾಡ್ತಿದ್ರಿ ಅಂತ ಹೇಳ್ರಿ. ಈಗ ನಾನು ಒಂದು ಸುದ್ದಿ ತಂದೆ ಅಂತ ಇಟ್ಕೊಳ್ರಿ, ಏನು ಮಾಡ್ತೀರಿ ನೀವು?"

ಹೇಳಿದೆ. ಸುದ್ದಿ ತಂದವರನ್ನು ಒಂದು ಕಡೆ, ಸುದ್ದಿಯನ್ನು ಇನ್ನೊಂದು ಕಡೆ ತೂಗುತ್ತೇವೆ ಸರ್. ನಂಬಿಕಸ್ತ ಮನುಷ್ಯನೂ ತಪ್ಪು ಸುದ್ದಿ ತರಬಹುದು, ಸುಳ್ಳುಗಾರನ ಬಾಯಲ್ಲೂ ಒಂದು ನಿಜ ಬರಬಹುದು. ಹೇಳಿದವನಿಗೆ ಎ ಇಂದ ಎಫ್‌ವರೆಗೆ ಒಂದು ಅಕ್ಷರ, ಹೇಳಿದ ಮಾತಿಗೆ 1ರಿಂದ 6ರವರೆಗೆ ಒಂದು ಅಂಕಿ. ಇದರಲ್ಲಿ ಗುಟ್ಟೇನೂ ಇಲ್ಲ, ಬ್ರಿಟಿಷ್ ನೌಕಾಪಡೆಯಿಂದ ಬಂದ ಪದ್ಧತಿ, ಎಷ್ಟೋ ದೇಶದ ಸೇನೆ, ಪೊಲೀಸರು ಬಳಸುತ್ತಾರೆ. ಆಮೇಲೆ ವರದಿಯಲ್ಲಿ ಕಣ್ಣಾರೆ ನೋಡಿದ್ದು, ಬೇರೆಯವರಿಂದ ಕೇಳಿದ್ದು, ನಾವು ಊಹಿಸಿದ್ದು, ಮೂರೂ ಬೆರೆಯದ ಹಾಗೆ ಬರೆಯುತ್ತೇವೆ. ಒಂದೇ ಪುಟ. ಓದುವ ಅಧಿಕಾರಿಗೆ ಎರಡನೇ ಪುಟಕ್ಕೆ ಸಮಯ ಇರುವುದಿಲ್ಲ.

"ಇದನ್ನೇ ಬರೀರಿ ಬಯೋಡೇಟಾದಲ್ಲಿ" ಅಂದರು. "ನಾನು 30 ವರ್ಷ ಬ್ಯಾಂಕ್‌ನಲ್ಲಿ ಇಂಥ ಒಬ್ಬ ಮನುಷ್ಯನಿಗೆ ಕಾದಿದ್ದೆ."

ಆ ರಾತ್ರಿ ಕೂತು ಹೊಸದಾಗಿ ಬರೆದೆ. ಸ್ಥಳದ ಹೆಸರು, ಸಲಕರಣೆ, ಘಟನೆ ಯಾವುದೂ ಇಲ್ಲ. ಅದರ ಬದಲು: ದಿನಕ್ಕೆ ಹಲವು ಮೂಲಗಳಿಂದ ಬಂದ ಮಾಹಿತಿಯನ್ನು ಹೋಲಿಸಿ ಸಮಯಕ್ಕೆ ಸರಿಯಾಗಿ ವರದಿ ಕೊಟ್ಟ ಅನುಭವ. ಅಪರಿಚಿತ ಊರಲ್ಲಿ ಜನರ ಜೊತೆ ವಿಶ್ವಾಸ ಬೆಳೆಸಿ ಮಾತಾಡುವ ಅಭ್ಯಾಸ. ನಾಲ್ಕು ಭಾಷೆ. ಕಿರಿಯರಿಗೆ ವರದಿ ಬರೆಯುವುದನ್ನು ಕಲಿಸಿದ್ದು. ದಾಖಲೆಗಳ ಸುರಕ್ಷತೆ. ನಕ್ಷೆ ಓದುವುದು. ಇಷ್ಟಕ್ಕೇ ಒಂದೂವರೆ ಪುಟ ತುಂಬಿತು. ಬರೆದದ್ದನ್ನು ಹಳೆಯ ಅಧಿಕಾರಿಯೊಬ್ಬರಿಗೆ ತೋರಿಸಿದೆ, ಅವರು ಎರಡು ಸಾಲು ಹೊಡೆದುಹಾಕಿದರು. ಹೀಗೆ ಒಬ್ಬರಿಗೆ ತೋರಿಸುವುದು ಬಹಳ ಮುಖ್ಯ. ನಮಗೆ ಸಾಧಾರಣ ಅನ್ನಿಸಿದ ಒಂದು ಶಬ್ದದಲ್ಲೇ ಜಾಸ್ತಿ ಹೇಳಿಬಿಟ್ಟಿರುತ್ತೇವೆ.

2023ರ ಫೆಬ್ರುವರಿಯಲ್ಲಿ ಕೆಲಸ ಸಿಕ್ಕಿತು. ಗೋದಾಮು ತಪಾಸಣೆ. ದಾವಣಗೆರೆ ಅಂದರೆ ಮೆಕ್ಕೆಜೋಳ, ಎಲ್ಲರಿಗೂ ಗೊತ್ತು. ಕೊಯ್ಲು ಮುಗಿದ ಮೇಲೆ ವ್ಯಾಪಾರಿಗಳು ಮಾಲನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆಯುತ್ತಾರೆ. ಆ ಮಾಲು ನಿಜಕ್ಕೂ ಇದೆಯಾ, ಹೇಳಿದಷ್ಟೇ ಇದೆಯಾ, ಹುಳ ಬಿದ್ದಿದೆಯಾ, ತೇವ ಶೇ 14 ಮೀರಿದೆಯಾ ಅಂತ ಹೋಗಿ ನೋಡಿ ಬರೆಯುವ ಕಂಪನಿ. ಸಂಬಳ ಸಾಧಾರಣ. ಬೈಕಿನಲ್ಲಿ ಹರಿಹರ, ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಸುತ್ತಬೇಕು. ಸಂದರ್ಶನದಲ್ಲಿ ಅವರು ಒಂದು ಹಳೆಯ ಫೈಲು ಕೊಟ್ಟು ಏನನ್ನಿಸುತ್ತೆ ಬರೀರಿ ಅಂದಿದ್ದರು. ಮೂರು ಭಾಗ ಮಾಡಿ ಒಂದು ಪುಟ ಬರೆದುಕೊಟ್ಟೆ. ಗುಟ್ಟಿನ ಪ್ರಶ್ನೆ ಯಾರೂ ಕೇಳಲಿಲ್ಲ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬರೆಯಲೇಬೇಕು.

ಮೊದಲ ತಿಂಗಳು ಒಂದು ಗೋದಾಮಿನ ವಾಚ್‌ಮನ್ ಮೇಲೆ ನನಗೆ ಸಂಶಯ ಬಂತು. ನಾಲ್ಕು ರಾತ್ರಿ ಅವನ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಹೊತ್ತಿಗೆ ಹಾಕಿದ ಹಾಗೆ ಇತ್ತು. ಹೊಸ ಬೈಕು ತಂದಿದ್ದ. ಆಫೀಸಿನಲ್ಲಿ ಬಾಯಿಮಾತಲ್ಲಿ ಹೇಳಿದೆ, "ಇವನ ಮೇಲೆ ಕಣ್ಣಿಡ್ರಿ." ಮೂರು ದಿನಕ್ಕೆ ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ಗೊತ್ತಾಯಿತು, ಬೈಕು ಹೆಂಡತಿಯ ಸ್ತ್ರೀಶಕ್ತಿ ಸಂಘದ ಸಾಲದ್ದು. ರಾತ್ರಿಯ ರಿಜಿಸ್ಟರ್ ಮೇಸ್ತ್ರಿಯ ರೂಮಿನಲ್ಲಿ ಬೀಗ ಹಾಕಿ ಇಡುತ್ತಿದ್ದರಂತೆ, ಸಹಿ ಮಾಡಲು ಅವನಿಗೆ ಸಿಗುತ್ತಿದ್ದದ್ದೇ ವಾರಕ್ಕೊಂದು ಸಲ. ನಾನು ಅವನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಅವನ ಮನೆಗೆ ಹೋದೆ. ಅವನು ಬೈಯಲಿಲ್ಲ, ನೀರು ತಂದುಕೊಟ್ಟ. ಅದು ಬೈಗಳಕ್ಕಿಂತ ಕಷ್ಟವಾಯಿತು. ಆಫೀಸಿಗೆ ಬರವಣಿಗೆಯಲ್ಲಿ ನನ್ನ ತಪ್ಪು ಒಪ್ಪಿಕೊಟ್ಟೆ. ಅವನನ್ನು ಬೇರೆ ಗೋದಾಮಿಗೆ ವಾಪಸ್ ತೆಗೆದುಕೊಳ್ಳಲು ಐದು ವಾರ ಬೇಕಾಯಿತು.

ಅಲ್ಲಿ, ಸೇನೆಯಲ್ಲಿ, ಒಂದು ಅಪಾಯ ಕಣ್ಣುತಪ್ಪಿ ಹೋದರೆ ಜೀವ ಹೋಗುತ್ತದೆ, ಹಾಗಾಗಿ ಸಂಶಯ ಬಂದ ಕೂಡಲೇ ಹೇಳಿಬಿಡು ಅಂತ ಕಲಿಸಿರುತ್ತಾರೆ, ಅದು ಸರಿಯೇ, ಅದನ್ನು ಪರಿಶೀಲಿಸಲು ಮೇಲೆ ಹತ್ತು ಜನ ಇರುತ್ತಾರೆ. ಇಲ್ಲಿ ಮೇಲೆ ಯಾರೂ ಇಲ್ಲ. ನಾನು ಹೇಳಿದ ಮಾತೇ ಕೊನೆಯ ಮಾತಾಗಿಬಿಡುತ್ತದೆ, ಎದುರಿಗಿರುವವನು ನಮ್ಮ ಪಕ್ಕದ ಊರಿನವನು, ಅವನ ಮಕ್ಕಳು ನನ್ನ ಮಗಳ ಶಾಲೆಯಲ್ಲಿ ಓದುತ್ತಿರಬಹುದು. ಅವತ್ತಿನಿಂದ ನನ್ನ ವರದಿಯಲ್ಲಿ ನಾಲ್ಕನೇ ಭಾಗ ಸೇರಿತು. ನೋಡಿದ್ದು, ಕೇಳಿದ್ದು, ಊಹಿಸಿದ್ದು, ಮತ್ತು ಆ ಮನುಷ್ಯ ಏನು ಹೇಳಿದ ಅನ್ನುವುದು. ಅದು ಖಾಲಿ ಇದ್ದರೆ ವರದಿ ಕಳಿಸುವುದಿಲ್ಲ.

ಏಪ್ರಿಲ್‌ನಲ್ಲಿ ಇದು ಉಪಯೋಗಕ್ಕೆ ಬಂತು. ಒಂದು ಗೋದಾಮು, ಒಂದು ದೊಡ್ಡ ಸ್ಟ್ಯಾಕ್, ಅಂದರೆ ಒಟ್ಟಿದ ಚೀಲಗಳ ರಾಶಿ. ಉದ್ದಕ್ಕೆ 20 ಚೀಲ, ಅಗಲಕ್ಕೆ 12, ಎತ್ತರಕ್ಕೆ 14 ಸಾಲು. 3,360 ಚೀಲ, 50 ಕೆಜಿಯಂತೆ 1,680 ಕ್ವಿಂಟಲ್. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,962 ರೂಪಾಯಿ, ಅದೇ ಲೆಕ್ಕ ಹಿಡಿದರೂ ಸುಮಾರು 33 ಲಕ್ಷದ ಮಾಲು. ಹೊರಗಿನಿಂದ ಎಣಿಸಿದರೆ ಲೆಕ್ಕ ಸರಿ. ಚೀಲದ ಲೆಕ್ಕ ಬರೆದಿಡುವ ಸ್ಟ್ಯಾಕ್ ಕಾರ್ಡೂ ಸರಿ. ಆದರೆ ಹುಳದ ಔಷಧಿಗೆ ಅಂತ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ನಡುವೆ ಸ್ವಲ್ಪ ತಗ್ಗಾಗಿತ್ತು, ಮಂಚದ ಹಗ್ಗ ಸಡಿಲವಾದಾಗ ಹಾಸಿಗೆ ತಗ್ಗಾಗುವ ಹಾಗೆ. ನೋಡಿ ಸುಮ್ಮನೆ ಬಂದೆ.

ಮಾರನೇ ದಿನ ಹಮಾಲರ ಜೊತೆ ಮಂಡಕ್ಕಿ, ಮಿರ್ಚಿ, ಟೀ. ಅವರನ್ನು ಮಾತಾಡಿಸುವುದಕ್ಕೆ ಯಾವ ತಂತ್ರವೂ ಬೇಡ. ಬೆನ್ನುನೋವು ಹೆಂಗಿದೆ ಅಂತ ನಿಜವಾಗಿ ಕೇಳಿದರೆ ಸಾಕು, ಅವರನ್ನು ಅದನ್ನು ಕೇಳುವವರೇ ಇಲ್ಲ. ಆ ಸ್ಟ್ಯಾಕಿಗೆ ಎಷ್ಟು ಚೀಲ ಹೊತ್ತಿರಿ, ಕೂಲಿ ಎಷ್ಟು ಬಂತು ಅಂದೆ. ಕೂಲಿಯ ಚೀಟಿ ಲೆಕ್ಕ ಹಾಕಿದರೆ ಮೂರು ಸಾವಿರದ ಹತ್ತಿರಕ್ಕೇ ನಿಲ್ಲುತ್ತಿತ್ತು. ಹಮಾಲರು ಕೂಲಿ ಬಿಡುವವರಲ್ಲ. ಚೀಲ ಹೊತ್ತಿದ್ದರೆ ಚೀಟಿ ಇದ್ದೇ ಇರುತ್ತದೆ.

ಹಳೆಯ ನಾನಾಗಿದ್ದರೆ ಆವತ್ತೇ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಈಗ ಮಾಲಿನ ಯಜಮಾನರ ಹತ್ತಿರ ಹೋದೆ. ಅವರನ್ನೇ ಕೂರಿಸಿ ಎರಡೂ ವಿಷಯ ಹೇಳಿದೆ. "ಯಜಮಾನ್ರೇ, ಹಾಳೆ ನಡುವೆ ತಗ್ಗಿದೆ. ಹಮಾಲಿ ಚೀಟಿ ಕಡಿಮೆ ಇದೆ. ನಾಳೆ ವರದಿ ಬರೀತೀನಿ. ನಿಮ್ಮ ಮಾತೂ ಅದರಲ್ಲಿ ಬರಬೇಕು, ಹೇಳ್ರಿ." ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಕೋಳಿ ಆಹಾರದವರಿಗೆ ಮುಂಚೆಯೇ ಮಾತು ಕೊಟ್ಟಿದ್ದರಂತೆ, ಬ್ಯಾಂಕಿನ ಬಿಡುಗಡೆ ಪತ್ರ ಬರುವುದು ತಡವಾಗುತ್ತದೆ ಅಂತ ನಡುವೆ ಹಲಗೆ ಹಾಕಿ ಟೊಳ್ಳು ಬಿಟ್ಟು ಒಟ್ಟಿಸಿದ್ದರಂತೆ, ದುಡ್ಡು ಬಂದ ಮೇಲೆ ತುಂಬಿಸುವ ಯೋಚನೆ. ಇದು ತಪ್ಪೇ. ವರದಿಯಲ್ಲಿ ತಪ್ಪು ಅಂತಲೇ ಬರೆದೆ, ಅವರ ಮಾತನ್ನೂ ಅವರ ಮಾತಿನಲ್ಲೇ ಬರೆದೆ. ಸ್ಟ್ಯಾಕ್ ಒಡೆಸಿ ಎಣಿಸಿದಾಗ 412 ಚೀಲ ಕಡಿಮೆ, ಸುಮಾರು 4 ಲಕ್ಷದ ಮಾಲು. ಒಂದು ವಾರದಲ್ಲಿ ಅಷ್ಟು ದುಡ್ಡನ್ನು ಬ್ಯಾಂಕಿಗೆ ಕಟ್ಟಿದರು. ಈಗಲೂ ಸಿಕ್ಕರೆ ಮಾತಾಡಿಸುತ್ತಾರೆ.

ಆ ವರದಿ ಓದಿದ ಮೇಲೆ ಕಂಪನಿಯವರು ಹೊಸ ಹುಡುಗರಿಗೆ ತಪಾಸಣೆ ಕಲಿಸುವ ಕೆಲಸವನ್ನೂ ನನಗೆ ಕೊಟ್ಟರು. ಐದು ಹುಡುಗರಿದ್ದಾರೆ, ಕೃಷಿ ಡಿಪ್ಲೊಮಾ ಓದಿದವರು. ಮೆಕ್ಕೆಜೋಳದ ಹುಳದ ಬಗ್ಗೆ ಅವರಿಂದ ನಾನು ಕಲಿಯುತ್ತೇನೆ, ಬರೆಯುವುದನ್ನು ನನ್ನಿಂದ ಅವರು ಕಲಿಯುತ್ತಾರೆ. ವರದಿಯಲ್ಲಿ "ಅನುಮಾನಾಸ್ಪದ" ಅನ್ನುವ ಶಬ್ದ ಬಳಸಲು ಅವರಿಗೆ ಬಿಡುವುದಿಲ್ಲ. ಏನು ಕಂಡಿತು ಅಷ್ಟು ಬರಿ ಅನ್ನುತ್ತೇನೆ.

ಮನೆಯಲ್ಲಿ ಹೆಂಡತಿ ಒಂದು ಬದಲಾವಣೆ ಹೇಳಿದಳು. "ರೀ, ಈಗ ನೀವು ಕೆಲಸದಿಂದ ಬಂದು ಏನಾಯ್ತು ಅಂತ ಹೇಳ್ತೀರಿ." 18 ವರ್ಷದ ಮದುವೆಯಲ್ಲಿ ಅವಳು ಅದನ್ನು ಎಷ್ಟು ಕಾದಿದ್ದಳು ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಹೋಟೆಲಿಗೆ ಹೋದರೆ ಮಾತ್ರ ಇನ್ನೂ ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರುತ್ತೇನೆ. ಬೆಣ್ಣೆದೋಸೆ ಬಂದಾಗ ಅವಳು ಸುಮ್ಮನೆ ತಟ್ಟೆ ಬದಲಾಯಿಸಿ ಆ ಕಡೆ ಕೊಡುತ್ತಾಳೆ.

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ. ಹಿಂದೆ ನನ್ನ ಜೊತೆ ಇದ್ದವನು, ಹರಪನಹಳ್ಳಿ ಕಡೆಯವನು. ಮುಂದಿನ ವರ್ಷ ಹೊರಬರುತ್ತಾನೆ. "ಅಣ್ಣ, ಯಾವ ಕೋರ್ಸ್ ಮಾಡ್ಲಿ, ಬಯೋಡೇಟಾದಲ್ಲಿ ಏನು ಬರೀಲಿ" ಅಂತ ಒಂದೇ ಉಸಿರಿಗೆ ಕೇಳಿದ. ಕೊನೆಯ ವರ್ಷದಲ್ಲಿ ಪುನರ್ವಸತಿ ನಿರ್ದೇಶನಾಲಯದವರು ನಡೆಸುವ ಕೋರ್ಸುಗಳಿವೆ, 24 ವಾರದವರೆಗಿನವು, ಅದಕ್ಕೆ ಬೇಗ ಹೆಸರು ಕೊಡು, ಉಳಿದದ್ದು ಆಮೇಲೆ ಮಾತಾಡೋಣ ಅಂದೆ.

"ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ನಿನ್ನ ಸರ್ವಿಸ್ ದಾಖಲೆಯಲ್ಲಿ ಜಿಲ್ಲೆ ಯಾವುದು ಅಂತ ನೋಡು."

ಅವನು ಹುಡುಕಿದ. "ದಾವಣಗೆರೆ ಅಂತ ಇದೆ ಅಣ್ಣ. ಸೇರುವಾಗ ನಮ್ಮ ತಾಲ್ಲೂಕು ದಾವಣಗೆರೆಯಲ್ಲೇ ಇತ್ತು."

"ಟಿ.ಸಿ.ಯಲ್ಲಿ?"

"ಅದರಲ್ಲಿ ಬಳ್ಳಾರಿ. ಒಂದನೇ ಕ್ಲಾಸಿಗೆ ಸೇರ್ದಾಗ ಬಳ್ಳಾರಿ ಜಿಲ್ಲೆ ಇತ್ತು."

"ಆಧಾರ್‌ನಲ್ಲಿ?"

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. "ವಿಜಯನಗರ, ಅಣ್ಣ."

"ಪೆನ್ನು ತಗೋ" ಅಂದೆ. "ಅರ್ಜಿ ಈಗಲೇ ಬರೆಯೋಣ, ನಾನು ಹೇಳ್ತಾ ಹೋಗ್ತೀನಿ."